ತಪ್ಪಿನ ನೋವೇ, ಬರಿಯ ಕಳವಳವೇ?

ಮಾಡಿದ ತಪ್ಪಿಗೆ ಮನಸ್ಸು ನೋಯುವುದು ಈಮಾನಿನ ಲಕ್ಷಣ. ಆದರೆ ಮನಸ್ಸಿನ ನೋವೆಲ್ಲವೂ ತಪ್ಪಿನ ಗುರುತಲ್ಲ. ಇದನ್ನರಿಯದ ಅನೇಕರು ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು ಬಳಲುತ್ತಾರೆ.

ನೀವು ಬೆಳಗಾವಿಯ ಖಡೇಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೀರಿ ಎಂದುಕೊಳ್ಳಿ. ಖಾನಾಪುರದ ಗಿರಾಕಿಯೊಬ್ಬರಿಗೆ ದೋಷ ಮುಚ್ಚಿಟ್ಟು ಸೀರೆ ಮಾರಿದಿರಿ. ರಾತ್ರಿ ನಿದ್ದೆ ಬರಲಿಲ್ಲ. ಇದು ಅಪರಾಧಪ್ರಜ್ಞೆ. ಎದೆಯಲ್ಲಿ ಚುಚ್ಚುವಂಥದ್ದು, ಜನರಿಗೆ ತಿಳಿಯಬಾರದೆಂದು ನೀವು ಬಯಸುವಂಥದ್ದು ಪಾಪ ಎಂಬರ್ಥದ ಪ್ರವಾದಿವಚನ(ಸ) ಸಹೀಹ್ ಮುಸ್ಲಿಮ್‌ನಲ್ಲಿದೆ. ಇಲ್ಲಿ ಒಂದು ಕೃತ್ಯವಿದೆ, ನಷ್ಟ ಅನುಭವಿಸಿದ ಒಬ್ಬ ಮನುಷ್ಯನಿದ್ದಾನೆ, ತಿದ್ದಿಕೊಳ್ಳುವ ದಾರಿಯೂ ಇದೆ. ಪಾಪವನ್ನು ಬಿಡುವುದು, ಮರುಗುವುದು, ಮತ್ತೆ ಮಾಡೆನೆಂದು ನಿರ್ಧರಿಸುವುದು ತೌಬಾದ ಶರ್ತಗಳು. ಇತರರ ಹಕ್ಕು ಸೇರಿದ್ದರೆ ಅದನ್ನು ಮರಳಿಸುವುದು ನಾಲ್ಕನೆಯದೆಂದು ಇಮಾಮ್ ನವವಿ (ಮರಣ ಕ್ರಿ.ಶ. 1277) ವಿವರಿಸಿದ್ದಾರೆ. ಖಾನಾಪುರ ಸುಮಾರು 26 ಕಿ.ಮೀ. ದೂರ. ಹೋಗಿ ಹಣ ಮರಳಿಸಿ. ಮನೆಯಲ್ಲಿ ಕುಳಿತು ಎಷ್ಟು ನಫಿಲ್ ನಮಾಝ್ ಮಾಡಿದರೂ ಅವರ ಹಣ ಅವರಿಗೆ ಸೇರದು.

ಈಗ ಇನ್ನೊಂದನ್ನು ನೋಡಿ. ಖಾನಾಪುರದ ಸಹೋದರಿಯೊಬ್ಬಳು ಬೆಳಗಾವಿಯ ಬಸ್ಸು ಹತ್ತಿದ್ದಾಳೆ. 'ಗ್ಯಾಸ್ ಆರಿಸಿದೆನೋ ಇಲ್ಲವೋ? ಬೆಳಗಿನ ವುಝೂ ಸರಿಯಾಗಿತ್ತೋ ಇಲ್ಲವೋ?' ಎಂಬ ತಳಮಳ. ಇಲ್ಲಿ ಮಾಡಿದ ತಪ್ಪಿಲ್ಲ, 'ಒಂದು ವೇಳೆ' ಎಂಬ ಶಂಕೆ ಮಾತ್ರ ಇದೆ. ಇದು ಕಳವಳ, ಅತಿಯಾದರೆ ವಸ್‌ವಾಸ್. ಮತ್ತೆ ಮತ್ತೆ ತೊಳೆದರೆ, ಪರೀಕ್ಷಿಸಿದರೆ ಗಳಿಗೆಯ ನೆಮ್ಮದಿ ಸಿಗುತ್ತದೆ. ಆದರೆ ಪರೀಕ್ಷಿಸಿದ್ದರಿಂದಲೇ ಪಾರಾದೆನೆಂದು ಮನಸ್ಸು ಕಲಿತುಬಿಡುತ್ತದೆ. ಮರುದಿನ ಶಂಕೆ ಇನ್ನಷ್ಟು ಬಲವಾಗಿ ಬರುತ್ತದೆ. ಖಚಿತವಾದದ್ದು ಶಂಕೆಯಿಂದ ಅಳಿಯದು ಎಂಬುದು ಫಿಕ್‌ಹ್‌ನ ಮೂಲ ನಿಯಮ. ಆದ್ದರಿಂದ ಒಮ್ಮೆ ಸರಿಯಾಗಿ ಮಾಡಿ, ಮುಂದೆ ಸಾಗಿ.

ಮನಸ್ಸು ಕದಡಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ:

1. ನಾನು ನಿಜವಾಗಿ ಮಾಡಿದ ತಪ್ಪು ಯಾವುದು? ಹೆಸರಿಟ್ಟು ಹೇಳಬಲ್ಲೆನೇ?

2. ಅದರಿಂದ ಯಾರ ಹಕ್ಕಿಗೆ, ಅಲ್ಲಾಹನ ಯಾವ ಆಜ್ಞೆಗೆ ಭಂಗ ಬಂತು?

3. ತಿದ್ದಿಕೊಂಡ ಮೇಲೆ ನೋವು ಇಳಿಯಿತೇ, ಅಥವಾ ಹೊಸ ನೆಪ ಹುಡುಕಿತೇ?

ಮೊದಲೆರಡಕ್ಕೆ ಉತ್ತರವಿದ್ದರೆ ತೌಬಾ ಮಾಡಿರಿ. ಉತ್ತರವೇ ಇಲ್ಲದಿದ್ದರೆ, ಅಥವಾ ತೌಬಾದ ಬಳಿಕವೂ ನೋವು ನೆಪ ಬದಲಿಸುತ್ತಿದ್ದರೆ, ಅದನ್ನು ಪಾಪವೆಂದು ಹೊತ್ತು ತಿರುಗಬೇಡಿ.

ಕೆಲವೊಮ್ಮೆ ಎರಡೂ ಬೆರೆಯುತ್ತವೆ. ಮಗುವಿಗೆ ಜ್ವರ ಬಂದರೆ, ಎಂದೋ ತೌಬಾ ಮಾಡಿದ ಪಾಪಕ್ಕೆ ಇದು ಶಿಕ್ಷೆಯೆಂದು ತಾಯಿ ಕೊರಗುತ್ತಾಳೆ. ಕ್ಷಮಿಸುವವನ ಕರುಣೆಯನ್ನು ಶಂಕಿಸುವುದು ಭಕ್ತಿಯಲ್ಲ. ಆಕೆಗೆ 'ನಿನ್ನ ಈಮಾನ್ ದುರ್ಬಲ' ಎನ್ನುವ ಮನೆಯವರು ಗಾಯಕ್ಕೆ ಉಪ್ಪು ಸವರುತ್ತಾರೆ. ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆಯಿದೆ ಎಂದು ಅಬೂ ಝೈದ್ ಅಲ್ ಬಲ್ಖಿ (ಮರಣ ಕ್ರಿ.ಶ. 934) ಸಾವಿರ ವರ್ಷಗಳ ಹಿಂದೆಯೇ ಬರೆದರು. ನಿದ್ದೆ, ಊಟ, ಕೆಲಸ ಕೆಡುವಷ್ಟು ಕಳವಳ ವಾರಗಟ್ಟಲೆ ಉಳಿದರೆ ವೈದ್ಯರನ್ನು ಕಾಣಿರಿ. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಲ್ಲ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರೇ(ಸ) ಕಲಿಸಿದ್ದಾರೆ.

ತಪ್ಪಿದ್ದರೆ ಇಂದೇ ತಿದ್ದಿಕೊಳ್ಳಿ. ಇಲ್ಲದಿದ್ದರೆ ಭಾರವನ್ನು ಅಲ್ಲಾಹನಿಗೊಪ್ಪಿಸಿ ನಿಮ್ಮ ಕೆಲಸಕ್ಕೆ ಏಳಿರಿ.