ಹಡಗಿನ ಗಡಿಯಾರ ತಪ್ಪಿಸಿ ಒಂದು ದಿನ

ಡುಬ್ರೋವ್ನಿಕ್‌ನಲ್ಲಿ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ನಾವಲ್ಲ, ಅಂದು ಗ್ರೂಜ್ ಬಂದರಿನಲ್ಲಿ ನಿಂತಿರುವ ಹಡಗುಗಳು. ಕ್ರೊವೇಷಿಯಾದ ಈ ಕರಾವಳಿ ಪಟ್ಟಣದ ಹಳೇ ಊರನ್ನು ಸುತ್ತುವರಿದ ಕೋಟೆಗೋಡೆಯ ಉದ್ದ 1,940 ಮೀಟರ್. ಅಂದರೆ ಊರು ಅಷ್ಟೇ! ಅದರೊಳಗೆ ಎರಡು ಹಡಗಿನ ಜನ ಒಟ್ಟಿಗೆ ಇಳಿದರೆ, ಪಿಲೆ ಬಾಗಿಲು ದಾಟಿ ಸ್ಟ್ರಾದುನ್ ಬೀದಿಗೆ ಬರುವಷ್ಟರಲ್ಲಿ ರಥಬೀದಿಯ ನೂಕುನುಗ್ಗಲು. 1979ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ‘ಗೇಮ್ ಆಫ್ ಥ್ರೋನ್ಸ್’ ಚಿತ್ರೀಕರಣವಾದ ಮೇಲಂತೂ ಕೇಳುವುದೇ ಬೇಡ. ಒಂದು ಹೊತ್ತಿಗೆ ಎರಡೇ ಹಡಗು, ನಾಲ್ಕು ಸಾವಿರ ಪ್ರಯಾಣಿಕರು ಎಂದು ಊರಿನವರು ಮಿತಿ ಹಾಕಿಕೊಂಡಿದ್ದಾರೆ. ನಾಲ್ಕು ಸಾವಿರವೂ ಆ ಗಲ್ಲಿಗಳಿಗೆ ಹೆಚ್ಚೇ.

ಮಂಗಳೂರಿನಲ್ಲಿ ಬೆಳೆದ ನನಗೆ ಈ ಜನರ ಚಲನವಲನ ಹೊಸತಲ್ಲ. ಪಣಂಬೂರಿಗೆ ಪ್ರವಾಸಿ ಹಡಗು ಬಂದ ದಿನ ಬಸ್ಸುಗಳ ಸಾಲು ಸಂತ ಅಲೋಶಿಯಸ್ ಚಾಪೆಲ್, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಬಹಳವೆಂದರೆ ಕಾರ್ಕಳದ ಗೊಮ್ಮಟನವರೆಗೆ ಹೋಗಿ ಸಂಜೆಯೊಳಗೆ ವಾಪಸು. ಅದರಾಚೆ ಅವರು ಕಾಲಿಡುವುದಿಲ್ಲ. ಹಡಗು ಯಾರಿಗೂ ಕಾಯುವುದಿಲ್ಲವಲ್ಲ! ಹಾಗಾಗಿ ಹಡಗಿನ ಜನಸಂದಣಿಗೊಂದು ಗಡಿಯಾರವಿದೆ, ಒಂದು ಹಗ್ಗವೂ ಇದೆ. ಆ ಹಗ್ಗ ಎಟುಕದ ಕಡೆ ಹೋಗಬೇಕು. ಪ್ರಸಿದ್ಧಿ, ಫೋಟೋ, ಯಾರೋ ಕೊಟ್ಟ ನಕ್ಷತ್ರಗಳು ಆಮೇಲಿನ ಮಾತು.

ಡುಬ್ರೋವ್ನಿಕ್‌ಗೆ ಯಾವ ದಿನ ಯಾವ ಹಡಗು, ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬ ಪಟ್ಟಿಯನ್ನು ಬಂದರಿನವರೇ ಮುಂಚಿತವಾಗಿ ಪ್ರಕಟಿಸುತ್ತಾರೆ. ಅದನ್ನು ಎದುರಿಗಿಟ್ಟುಕೊಂಡು ಕೂತರೆ ಹೋಟೆಲಿನ ಮೇಜಿನ ಮೇಲಿನ ಬಣ್ಣಬಣ್ಣದ ಕರಪತ್ರಗಳಲ್ಲಿ ಅರ್ಧಕ್ಕರ್ಧ ತಾವಾಗಿಯೇ ಉದುರಿಹೋಗುತ್ತವೆ. ಲೋಕ್ರುಮ್ ದ್ವೀಪ ಸೊಗಸಾದದ್ದು, ನವಿಲುಗಳೂ ಇವೆ. ಆದರೆ ಹಳೇ ಬಂದರಿನಿಂದ ದೋಣಿಯಲ್ಲಿ ಕಾಲುಗಂಟೆ ದಾರಿ, ಹಗ್ಗ ಸಲೀಸಾಗಿ ಎಟುಕುತ್ತದೆ. ಮಾಂಟೆನೆಗ್ರೋದ ಕೋಟೊರ್ ಎಂದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ, ಏಕೆಂದರೆ ಆ ಕೊಲ್ಲಿಯೊಳಕ್ಕೂ ಇಂಥವೇ ಹಡಗುಗಳು ಬರುತ್ತವೆ. ಬೋಸ್ನಿಯಾದ ಮೋಸ್ತಾರ್‌ನ ಸೇತುವೆ, 1993ರ ಯುದ್ಧದಲ್ಲಿ ಕುಸಿದು 2004ರಲ್ಲಿ ಮತ್ತೆ ಎದ್ದದ್ದು, ನೋಡಲೇಬೇಕಾದದ್ದು ನಿಜ. ಆದರೆ ಒಂದು ದಿನದಲ್ಲಿ ಹೋಗಿಬಂದರೆ ಗಡಿಯ ಸರದಿಯಲ್ಲಿ ಕಾದದ್ದೇ ಹೆಚ್ಚು ನೆನಪಿರುತ್ತದೆ. ಅಲ್ಲಿ ರಾತ್ರಿ ಉಳಿಯುವುದಾದರೆ ಮಾತ್ರ ಸೈ. ನಮ್ಮ ಪಾಸ್‌ಪೋರ್ಟಿನವರಿಗೆ ಇನ್ನೊಂದು ಸಂಗತಿ: 2023ರ ಜನವರಿ 1ರಿಂದ ಕ್ರೊವೇಷಿಯಾ ಷೆಂಗೆನ್ ಒಳಗಿದೆ, ಬೋಸ್ನಿಯಾ, ಮಾಂಟೆನೆಗ್ರೋ ಹೊರಗಿವೆ. ಒಂದೇ ಪ್ರವೇಶದ ವೀಸಾ ಹಿಡಿದು ಆಚೆ ಹೋದರೆ ಸಂಜೆ ಹೋಟೆಲಿಗೆ ಮರಳುವ ದಾರಿ ಮುಚ್ಚಿರುತ್ತದೆ.

ಕೊನೆಗೆ ನಾನು ಆರಿಸಿಕೊಂಡದ್ದು ಶಿಪಾನ್. ಎಲಾಫಿಟಿ ದ್ವೀಪಗಳಲ್ಲಿ ದೊಡ್ಡದು, ಆದರೂ ಊರು ಎನ್ನಬಹುದಾದವು ಎರಡೇ. ತಮಾಷೆಯೆಂದರೆ ಅಲ್ಲಿಗೆ ಹೋಗುವ ಸರ್ಕಾರಿ ದೋಣಿ ಹೊರಡುವುದೂ ಗ್ರೂಜ್‌ನಿಂದಲೇ. ಹಡಗಿನವರೆಲ್ಲ ಹಳೇ ಊರಿನ ಕಡೆಗೆ ಬಸ್ಸು ತುಂಬಿಕೊಂಡು ಹೋಗುತ್ತಿದ್ದರೆ ಎದುರು ದಿಕ್ಕಿನ ಸಿಟಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ದೋಣಿಯಲ್ಲಿ ಮಾರ್ಕೆಟ್ಟಿನ ಚೀಲ ಹಿಡಿದ ಅಜ್ಜಿಯರು, ಸಿಮೆಂಟಿನ ಮೂಟೆ, ಯಾರದೋ ಹೊಸ ಫ್ರಿಜ್ಜು. ಇಂಥ ಸರಕು ಕಂಡರೆ ಸರಿಯಾದ ದೋಣಿಯನ್ನೇ ಹತ್ತಿದ್ದೇನೆ ಎಂದು ಲೆಕ್ಕ. ಸುಮಾರು ಒಂದು ಗಂಟೆಯಲ್ಲಿ ಸುಜುರಾಜ್ ಕಟ್ಟೆ.

ಈ ದ್ವೀಪಗಳಿಗೆ ಊಟ, ವೈನ್ ಸಮೇತ ‘ಮೂರು ದ್ವೀಪ’ ತೋರಿಸುವ ವಿಹಾರದೋಣಿಗಳೂ ಬರುತ್ತವೆ. ಅವು ಸುಜುರಾಜ್‌ನಲ್ಲೂ ತಂಗುತ್ತವೆ. ಆದರೆ ಆ ಜನ ಕಟ್ಟೆ ಬಿಟ್ಟು ದೂರ ಹೋಗುವುದಿಲ್ಲ, ಅವರಿಗೂ ಗಂಟೆ ಹೊಡೆಯುತ್ತದೆ. ಹದಿನಾರನೇ ಶತಮಾನದ ಹಡಗು ವ್ಯಾಪಾರಿ ಸ್ಕೊಚಿಬುಹಾ ಮನೆತನದವರ ಬೇಸಗೆ ಮನೆಯನ್ನು, ಕಡಲ್ಗಳ್ಳರಿಗೆ ಹೆದರಿ ಕಟ್ಟಿದ ಅದರ ಬುರುಜನ್ನು ದಾಟಿ ಒಳನಾಡಿನ ಕಡೆ ತಿರುಗಿದರೆ ಸಾಕು. ಇನ್ನೊಂದು ತುದಿಯ ಶಿಪಾನ್‌ಸ್ಕಾ ಲೂಕಾವರೆಗೆ ಐದು ಕಿಲೋಮೀಟರ್ ಆಸುಪಾಸು ಕಣಿವೆ: ಆಲಿವ್, ದ್ರಾಕ್ಷಿ, ಅಂಜೂರ, ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳು, ಅಲ್ಲಲ್ಲಿ ಬಾಗಿಲು ಹಾಕಿದ ಪುಟ್ಟ ಪ್ರಾರ್ಥನಾ ಮಂದಿರಗಳು. ಡುಬ್ರೋವ್ನಿಕ್ ಸ್ವತಂತ್ರ ಗಣರಾಜ್ಯವಾಗಿದ್ದಾಗ ಸಿರಿವಂತರು ಸೆಖೆಗಾಲ ಕಳೆಯಲು ಕಟ್ಟಿಸಿದ ಮನೆಗಳಲ್ಲಿ ಕೆಲವಕ್ಕೆ ಸೂರೇ ಇಲ್ಲ. ದಾರಿ ಹೆಚ್ಚುಕಡಿಮೆ ಸಮತಟ್ಟು, ನೆರಳು ಮಾತ್ರ ಕಡಿಮೆ. ನೀರು, ಟೋಪಿ ಇಲ್ಲದೆ ಹೊರಡುವ ಹಾಗಿಲ್ಲ. ಕಾಲು ಸೋತವರಿಗೆ ಎರಡು ಊರಿನ ನಡುವೆ ಒಂದು ಪುಟ್ಟ ಬಸ್ಸಿದೆ.

ಲೂಕಾದಲ್ಲಿ ಊಟ. ಮೀನು ತಿನ್ನುವವರಿಗೆ ಹಬ್ಬ. ತಿನ್ನದ ನಾನು ‘ಬ್ಲಿತ್ವಾ’ ಕೇಳಿದೆ. ಒಂದು ಬಗೆಯ ಸೊಪ್ಪು, ಆಲೂಗಡ್ಡೆ ಬೇಯಿಸಿ ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿದ್ದು. ಪಟ್ಟಣದಲ್ಲಿ ಇದನ್ನು ಮೀನಿನ ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಇಡುತ್ತಾರೆ, ಇಲ್ಲಿ ತಟ್ಟೆ ತುಂಬ ಬಡಿಸಿದರು. ಖಾರವಿಲ್ಲ ಎಂಬ ಕೊರಗು ನನ್ನದು, ಅಡುಗೆಯವರದಲ್ಲ.

ಒಂದೇ ಎಚ್ಚರ: ದ್ವೀಪಕ್ಕೆ ಇಳಿದ ಕೂಡಲೇ ಹಿಂದಿರುಗುವ ದೋಣಿಯ ಸಮಯವನ್ನು ಕಟ್ಟೆಯ ಮೇಲಿನ ಹಲಗೆಯಲ್ಲಿ ನೋಡಿಕೊಳ್ಳಬೇಕು. ದಿನಕ್ಕೆ ಬೆರಳೆಣಿಕೆಯ ದೋಣಿಗಳು, ಋತು ಬದಲಾದರೆ ವೇಳೆಯೂ ಬದಲು. ಇಷ್ಟು ಅನಾನುಕೂಲ ಇರುವುದರಿಂದಲೇ ಶಿಪಾನ್ ಶಿಪಾನ್ ಆಗಿ ಉಳಿದಿದೆ.

ಗಾಳಿ ಜೋರಾಗಿ ದೋಣಿ ಸಂದೇಹವೆನಿಸಿದರೆ, ಅಥವಾ ಕೈಯಲ್ಲಿ ಅರ್ಧ ದಿನವಷ್ಟೇ ಇದ್ದರೆ, ಬಸ್ಸು ಹಿಡಿದು ತ್ರ್‌ಸ್ತೆನೊ ಎಂಬ ಹಳ್ಳಿಗೆ ಹೋಗಬಹುದು. ರಸ್ತೆ ಬದಿಯಲ್ಲೇ ಐನೂರು ವರ್ಷ ದಾಟಿದ ಎರಡು ದೈತ್ಯ ಪ್ಲೇನ್ ಮರಗಳು, ಒಳಗೆ ಗುಚೆಟಿಚ್ ಮನೆತನದವರ ಹಳೆಯ ಸಸ್ಯೋದ್ಯಾನ, ಅದಕ್ಕೆ ಈಗಲೂ ನೀರುಣಿಸುವ ಹದಿನೈದನೇ ಶತಮಾನದ ಕಮಾನುಗಾಲುವೆ. ಅಂಗಡಿ ಮುಂಗಟ್ಟಿಲ್ಲ, ಹಾಗಾಗಿ ಬಸ್ಸು ತುಂಬ ಜನರನ್ನು ಕರೆತರುವವರಿಗೆ ಅದರ ಮೇಲೆ ಅಷ್ಟು ಮೋಹವಿಲ್ಲ.

ಇನ್ನು, ಪಟ್ಟಿಯಲ್ಲಿ ಹಡಗೇ ಇಲ್ಲದ ದಿನ ಎಲ್ಲಿಗೂ ಹೋಗಬೇಡಿ. ಕೋಟೆಗೋಡೆಯ ಬಾಗಿಲು ತೆಗೆಯುವ ಹೊತ್ತಿಗೆ ಪಿಲೆಯಲ್ಲಿರಿ. ಗೋಡೆಯ ಮೇಲೆ ಒಂದೇ ದಿಕ್ಕಿನಲ್ಲಿ, ಅಪ್ರದಕ್ಷಿಣವಾಗಿ ನಡೆಯಬೇಕು. ಟಿಕೆಟ್ ಅಗ್ಗವಲ್ಲ, ಬಿಸಿಲು ಏರಿದ ಮೇಲೆ ಕಲ್ಲು ಕಾದ ಹಂಚು.