ಜೋಡಿ ತೊಟ್ಟಿಲು

ಮನೆಯಲ್ಲಿ ಒಂದು ಕೂಸು ಹುಟ್ಟಿದರೆ ಆ ಮನೆಯೇ ಹೊಸದಾಗಿ ಹುಟ್ಟಿದಂತೆ. ಅದುವರೆಗೆ ಮಗಳಾಗಿದ್ದವಳು ತಾಯಿಯಾಗುತ್ತಾಳೆ, ತಾಯಿಯಾಗಿದ್ದವಳು ಅಜ್ಜಿಯಾಗುತ್ತಾಳೆ, ಗಡಿಯಾರವನ್ನು ನೋಡಿ ನಡೆಯುತ್ತಿದ್ದ ಸಂಸಾರವು ಮೊಳದುದ್ದದ ಜೀವವೊಂದರ ಹಸಿವು ನಿದ್ರೆಗಳನ್ನು ನೋಡಿ ನಡೆಯತೊಡಗುತ್ತದೆ. ಒಂದು ಕೂಸಿನ ಆಗಮನವೇ ಹೀಗಿರುವಾಗ ಎರಡು ಕೂಸುಗಳು ಒಟ್ಟಿಗೆ ಬಂದರೆ ಆ ಮನೆಯ ಸಂಭ್ರಮವೆಷ್ಟು, ಶ್ರಮವೆಷ್ಟು!

ಇಂತಹ ಮಕ್ಕಳನ್ನು ನಮ್ಮ ಜನ ಅವಳಿ-ಜವಳಿ ಎಂದು ಕರೆಯುತ್ತಾರೆ. ಅವಳಿ ಎಂದರೆ ಜೋಡಿ. ಇಲ್ಲಿಯ ಜವಳಿಯು ಬಟ್ಟೆಯಂಗಡಿಯ ಜವಳಿಯಲ್ಲ. ಸಂಸ್ಕೃತದ ‘ಯಮಲ’ ಎಂಬ ಪದವೇ ಕನ್ನಡಿಗರ ನಾಲಗೆಯಲ್ಲಿ ಜವಳ, ಜವಳಿ ಎಂದು ತದ್ಭವವಾಗಿದೆ. ಅವಳಿಗಳಲ್ಲಿ ಎರಡು ಬಗೆಯುಂಟು. ತಾಯಿಯ ಗರ್ಭದಲ್ಲಿ ಎರಡು ಅಂಡಗಳು ಬೇರೆ ಬೇರೆಯಾಗಿ ಫಲಿತವಾದರೆ ಹುಟ್ಟುವ ಮಕ್ಕಳು ಸಾಮಾನ್ಯ ಒಡಹುಟ್ಟಿದವರಂತೆಯೇ ಇರುತ್ತಾರೆ. ಒಂದು ಗಂಡು, ಒಂದು ಹೆಣ್ಣು ಆಗುವುದೂ ಉಂಟು. ಫಲಿತವಾದ ಒಂದೇ ಅಂಡವು ಎರಡಾಗಿ ಒಡೆದರೆ ಹುಟ್ಟುವ ಮಕ್ಕಳು ಒಂದೇ ಅಚ್ಚಿನಿಂದ ತೆಗೆದ ಬೊಂಬೆಗಳಂತೆ ಕಾಣುತ್ತಾರೆ. ಇಂದು ಜಗತ್ತಿನಲ್ಲಿ ನಡೆಯುವ ಸಾವಿರ ಹೆರಿಗೆಗಳಲ್ಲಿ ಸುಮಾರು 12 ಅವಳಿ ಹೆರಿಗೆಗಳು. ಅವುಗಳಲ್ಲಿ ಸುಮಾರು 4 ಮಾತ್ರ ಒಂದೇ ಅಂಡದಿಂದಾದವು.

ಕಂಪ್ಲಿಯವಳಾದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೊಸಪೇಟೆಯ ಆಸ್ಪತ್ರೆಯಲ್ಲಿ ಇಂತಹ ಅಪರೂಪದ ಅವಳಿಗಳನ್ನು ಹಡೆದಳು. ಅದು ಅವಳ ಚೊಚ್ಚಲ ಹೆರಿಗೆ. ಅವಳ ಗಂಡ ಸಂಡೂರಿನ ಗಣಿಯೊಂದರ ಕಚೇರಿಯಲ್ಲಿ ಗುಮಾಸ್ತ. ಮಕ್ಕಳು ತಿಂಗಳು ತುಂಬುವ ಮೊದಲೇ, 36ನೆಯ ವಾರದಲ್ಲಿ ಹುಟ್ಟಿದವು. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 37 ವಾರ ತುಂಬುವ ಮುನ್ನವೇ ಹುಟ್ಟುವುದರಿಂದ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಎರಡೂ ಹೆಣ್ಣು. ಮೂಗು, ಹಣೆ, ಗಲ್ಲದ ಕುಳಿ ಎಲ್ಲವೂ ಒಂದೇ. ಆದರೆ ತಕ್ಕಡಿ ಮಾತ್ರ ಅವೆರಡೂ ಒಂದೇ ಎಂದು ಒಪ್ಪಲಿಲ್ಲ. ಮೊದಲು ಹುಟ್ಟಿದ್ದು 2,200 ಗ್ರಾಂ ತೂಗಿತು. ಎರಡನೆಯದು 1,800 ಗ್ರಾಂ. ಒಂದೇ ಮಾಸಿನಿಂದ ಇಬ್ಬರಿಗೂ ಆಹಾರ ಸಲ್ಲಬೇಕಾದಾಗ ಪಾಲು ಯಾವಾಗಲೂ ಸಮನಾಗಿರುವುದಿಲ್ಲ. ಹೊರಗೆ ಬರುವ ಮೊದಲೇ ಒಬ್ಬಳಿಗೆ ಹೆಚ್ಚು, ಒಬ್ಬಳಿಗೆ ಕಡಿಮೆ ದೊರಕಿತ್ತು.

ಕೂಸುಗಳನ್ನು ನೋಡಲು ಬಂದವರಲ್ಲಿ ಕೆಲವರು, “ಎರಡೂ ಹೆಣ್ಣೇ?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಮರುಕವೇ ಹೆಚ್ಚಾಗಿತ್ತು. ಮಂಚದ ಮೇಲೆ ಮಲಗಿದ್ದ ಬಾಣಂತಿಯ ಮುಖ ಸಣ್ಣದಾಯಿತು. ಆಗ ಅವಳ ತಂದೆ ನಗುತ್ತ, “ಹೌದು, ಎರಡೂ ಹೆಣ್ಣೇ. ನಮ್ಮ ಹೊಲಗದ್ದೆಗಳಿಗೆಲ್ಲ ನೀರು ಕೊಡುವವರೂ ಇಬ್ಬರು ಹೆಣ್ಣುಮಕ್ಕಳೇ ಅಲ್ಲವೇ?” ಎಂದರು. ಕೇಳಿದವರು ನಿರುತ್ತರರಾದರು.

ಅವರ ಮಾತು ಎಷ್ಟು ಸಮಂಜಸವಾದುದು! ತುಂಗೆ, ಭದ್ರೆಯರಿಬ್ಬರೂ ಪಶ್ಚಿಮಘಟ್ಟದ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿದವರು. ಹುಟ್ಟಿದ ತಾಣ ಒಂದಾದರೂ ಹಿಡಿದ ಹಾದಿ ಒಂದಲ್ಲ. ಒಬ್ಬಳು ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು ಬರುತ್ತಾಳೆ. ಇನ್ನೊಬ್ಬಳು ಕಳಸ, ಭದ್ರಾವತಿಗಳನ್ನು ಹಾದು ಬರುತ್ತಾಳೆ. ಶಿವಮೊಗ್ಗೆಯ ಬಳಿಯ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹೊಸಪೇಟೆಯ ಅಣೆಕಟ್ಟಿಗೆ ಬಂದು, ಹಂಪಿಯ ಬಂಡೆಗಳ ನಡುವೆ ನುಸುಳಿ, ಕಂಪ್ಲಿಯ ಕೋಟೆಯ ಮಗ್ಗುಲಿನಲ್ಲಿ ಹರಿಯುತ್ತಾರೆ. ಅಂದಿನಿಂದ ಬೀದಿಯ ಜನರ ಬಾಯಲ್ಲಿ ಆ ಕೂಸುಗಳು ತುಂಗಾ, ಭದ್ರಾ ಎಂದೇ ಆದವು. ದೊಡ್ಡದು ತುಂಗಾ, ಚಿಕ್ಕದು ಭದ್ರಾ.

ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ತೂಗುವ ಶಿಶುವನ್ನು ವೈದ್ಯರು ಕಡಿಮೆ ತೂಕದ ಶಿಶು ಎಂದು ಗಣಿಸುತ್ತಾರೆ. ಇಂತಹ ಶಿಶುವಿನ ಮೈಯಲ್ಲಿ ಕೊಬ್ಬು ಕಡಿಮೆ. ಆದ್ದರಿಂದ ಅದು ಬೇಗನೆ ತಣ್ಣಗಾಗುತ್ತದೆ. ಹೀರುವ ಶಕ್ತಿ ಕಡಿಮೆ. ಆದ್ದರಿಂದ ಹಾಲು ಸಾಲದಾಗುತ್ತದೆ. ರೋಗಗಳೂ ಬೇಗ ತಗಲುತ್ತವೆ. ತುಂಗಾ ತಾಯಿಯೊಡನೆಯೇ ಇದ್ದರೆ ಭದ್ರಾ ಒಂದು ವಾರ ಆಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಘಟಕದಲ್ಲಿರಬೇಕಾಯಿತು. ತಾಯಿ ಹಾಲನ್ನು ಹಿಂಡಿ ಕಳಿಸುವಳು; ದಾದಿಯರು ಅದನ್ನು ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುವರು. ಒಂದು ಕೂಸು ಮಡಿಲಲ್ಲಿದ್ದಾಗಲೂ ಇನ್ನೊಂದು ಕೂಸಿಗಾಗಿ ಆ ತಾಯಿಯ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು.

ಎರಡನ್ನೂ ಕಂಪ್ಲಿಯ ತವರಿಗೆ ಕರೆತಂದ ದಿನ ಮನೆಯಲ್ಲಿ ತೊಟ್ಟಿಲು ಒಂದೇ ಇತ್ತು. ಎರಡನೆಯದನ್ನು ಸೋದರಮಾವನ ಮನೆಯಿಂದ ತಂದು ತೂಗುಹಾಕಿದರು. ಸಂಡೂರಿನ ಚಿಕ್ಕಮ್ಮ ಎರಡು ಕೌದಿಗಳನ್ನೂ ಲಂಬಾಣಿ ಕಸೂತಿಯ ಎರಡು ಕುಂಚಿಗೆಗಳನ್ನೂ ತಂದಳು. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಗಳಲ್ಲಿ ಒಂದರಂತೆ ಇನ್ನೊಂದಿರಲು ಸಾಧ್ಯವಿಲ್ಲ. ಆದರೂ ಎರಡರ ಬೆಚ್ಚಗೂ ಒಂದೇ.

ಕೌದಿಗಿಂತ ಬೆಚ್ಚನೆಯ ವಸ್ತುವೊಂದನ್ನು ಆಸ್ಪತ್ರೆಯವರು ಆ ದಂಪತಿಗಳಿಗೆ ತೋರಿಸಿಕೊಟ್ಟಿದ್ದರು. ಅದು ತಂದೆತಾಯಿಗಳ ಎದೆ. ಕೊಲಂಬಿಯಾ ದೇಶದ ಬೊಗೋಟ ನಗರದಲ್ಲಿ ಅಕಾಲದಲ್ಲಿ ಹುಟ್ಟಿದ ಶಿಶುಗಳನ್ನಿಡಲು ಕಾವುಪೆಟ್ಟಿಗೆಗಳು ಸಾಲದೆ ಹೋದಾಗ, 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ಶಿಶುವನ್ನು ತಾಯಿಯ ಬರಿಯೆದೆಗೆ ನೆಟ್ಟಗೆ ಒರಗಿಸಿ ಬಟ್ಟೆಯಿಂದ ಕಟ್ಟುವ ಪದ್ಧತಿಯನ್ನು ಆರಂಭಿಸಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿಟ್ಟು ಸಾಕುವಂತಿರುವುದರಿಂದ ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರಾಯಿತು. ತುಂಗಭದ್ರೆಯ ಆಚೆಯ ದಡದ ಕೊಪ್ಪಳ ಜಿಲ್ಲೆಯಲ್ಲಿಯೂ 2010ರ ದಶಕದಲ್ಲಿ ಸಂಶೋಧಕರೂ ಆರೋಗ್ಯ ಇಲಾಖೆಯವರೂ ಕೂಡಿ ಈ ಪದ್ಧತಿಯನ್ನು ಆಸ್ಪತ್ರೆಗಳಲ್ಲಿ ಮಾತ್ರವಲ್ಲದೆ ಮನೆಮನೆಗಳಲ್ಲಿಯೂ ರೂಢಿಗೆ ತರಲು ಶ್ರಮಿಸಿದರು. ಎದೆಯ ಕಾವು ಶಿಶುವನ್ನು ಬೆಚ್ಚಗಿಡುತ್ತದೆ. ಎದೆಯ ಬಡಿತ ಅದನ್ನು ಸಂತೈಸುತ್ತದೆ. ಶಿಶುವು ಹತ್ತಿರವಿದ್ದಷ್ಟೂ ತಾಯಿಯಲ್ಲಿ ಹಾಲು ಹೆಚ್ಚುತ್ತದೆ.

ಆದರೆ ತಾಯಿಗೆ ಇರುವುದು ಒಂದೇ ಎದೆ. ಅವಳು ತುಂಗೆಗೆ ಹಾಲೂಡುವಾಗ ಭದ್ರೆಯನ್ನು ಯಾರು ಹೊರಬೇಕು? ತಂದೆಯು ಪ್ರತಿ ಸಂಜೆ ಸಂಡೂರಿನಿಂದ ಹೊಸಪೇಟೆಗೆ ಬಂದು, ಅಲ್ಲಿಂದ ಕಂಪ್ಲಿಯ ಬಸ್ಸು ಹಿಡಿದು ಬರತೊಡಗಿದನು. ಕೆಮ್ಮಣ್ಣಿನ ಧೂಳನ್ನು ತೊಳೆದು, ಮಿಂದು, ಅಂಗಿ ಕಳಚಿ, ಬಾಣಂತಿಯ ಕೋಣೆಯಲ್ಲಿ ಕೂಸನ್ನು ಎದೆಗೆ ಕಟ್ಟಿಕೊಂಡು ಒರಗುಕುರ್ಚಿಯಲ್ಲಿ ಕುಳಿತನು. ಮನೆಯ ಹಿರಿಯಜ್ಜಿ ಸೆರಗನ್ನು ಬಾಯಿಗೆ ಹಿಡಿದು, “ಏನವ್ವಾ ಇದು! ಅಳಿಯಂದಿರು ಬಾಣಂತಿ ಕೋಣ್ಯಾಗ ಬರಿಮೈಲಿ ಕುಂತಾರಲ್ಲ, ನೋಡಿದೋರು ಏನಂದಾರು?” ಎಂದಳು. ಮೊಮ್ಮಗಳು, “ಅಂದುಕೊಳ್ಳಲಿ ಬಿಡಬೇ. ಕೂಸು ಉಳದರ ಸಾಕು” ಎಂದಳು. ಅಜ್ಜಿಗೆ ಮತ್ತೆ ಮಾತು ಬೆಳೆಸಲು ಮನಸ್ಸಾಗಲಿಲ್ಲ. ಮೂರನೆಯ ದಿನ ಅವಳೇ ಅಳಿಯನ ಬೆನ್ನಿಗೆ ದಿಂಬು ತಂದಿಟ್ಟಳು.

ಅಜ್ಜಿಗೆ ತನ್ನದೇ ಆದ ವಿದ್ಯೆಯೊಂದಿತ್ತು. ಕಾಲು ಚಾಚಿ ಕುಳಿತು, ಕೂಸನ್ನು ಮೊಣಕಾಲುಗಳ ಮೇಲೆ ಮಲಗಿಸಿಕೊಂಡು, ಹದವಾದ ಬಿಸಿನೀರು ಹಾಕುವುದರಲ್ಲಿ ಆ ಬೀದಿಯಲ್ಲಿ ಅವಳ ಸಮಾನರಿರಲಿಲ್ಲ. ಎರಡೂ ಕೂಸುಗಳಿಗೆ ನೀರು ಹಾಕಬೇಕೆಂದು ಅವಳು ಒಲೆಗೆ ಹಂಡೆಯಿಟ್ಟಾಗ, ಕೂಸುಗಳನ್ನು ನೋಡಲು ಮನೆಗೆ ಬಂದಿದ್ದ ಆಶಾ ಕಾರ್ಯಕರ್ತೆ, “ಚಿಕ್ಕದಕ್ಕೆ ಈಗ ಬೇಡಜ್ಜಿ, ತೂಕ ಹೆಚ್ಚಲಿ, ಅಲ್ಲಿಯವರೆಗೆ ಒದ್ದೆಬಟ್ಟೆಯಿಂದ ಮೈ ಒರೆಸಿದರೆ ಸಾಕು” ಎಂದಳು. ಒಂದಕ್ಕೆ ನೀರು ಹಾಕಿ ಇನ್ನೊಂದಕ್ಕೆ ಹಾಕದಿರುವುದು ಪಕ್ಷಪಾತವಲ್ಲವೇ ಎಂಬುದು ಅಜ್ಜಿಯ ಸಂಕಟ. ಈ ಸಂಕಟದಲ್ಲಿ ನಾವೆಲ್ಲರೂ ಯೋಚಿಸಬೇಕಾದ ವಿಷಯವೊಂದಿದೆ.

ಇಬ್ಬರು ಮಕ್ಕಳನ್ನು ಸಮಾನವಾಗಿ ಕಾಣುವುದೆಂದರೆ ಇಬ್ಬರಿಗೂ ಒಂದೇ ಅಳತೆಯಲ್ಲಿ ಎಲ್ಲವನ್ನೂ ಕೊಡುವುದೆಂದು ನಾವು ಭಾವಿಸುತ್ತೇವೆ. ತುಂಗಾ ಹಸಿದಾಗ ಮನೆಯೆಲ್ಲ ಕೇಳುವಂತೆ ಅಳುವಳು. ಭದ್ರಾ ಹಸಿದರೂ ಅಳಲು ತ್ರಾಣವಿಲ್ಲದೆ ನಿದ್ರಿಸುತ್ತಿರುವಳು. ಅತ್ತವರಿಗೆ ಹಾಲು ಎಂಬ ನಿಯಮವನ್ನು ಆ ತಾಯಿ ಇಬ್ಬರಿಗೂ ಸಮನಾಗಿ ಅನ್ವಯಿಸಿದ್ದರೆ ಭದ್ರಾ ಉಪವಾಸ ಬೀಳುತ್ತಿದ್ದಳು. ಆದ್ದರಿಂದ ಅವಳು ತುಂಗೆಗೆ ಅತ್ತಾಗ ಹಾಲೂಡಿದಳು. ಭದ್ರೆಯನ್ನು ಎರಡು ಗಂಟೆಗೊಮ್ಮೆ ಅಂಗಾಲು ತಟ್ಟಿ ಎಬ್ಬಿಸಿ ಹಾಲೂಡಿದಳು. ಅವರವರ ಅಗತ್ಯವನ್ನರಿತು ಕೊಡುವುದೇ ನಿಜವಾದ ಸಮಾನತೆ. ಹಾಲು ಇಬ್ಬರಿಗೆ ಸಾಲದೆಂಬ ಭಯವೂ ಕ್ರಮೇಣ ದೂರವಾಯಿತು. ತಾಯಿಯ ಹಾಲು ಕೊಡದಲ್ಲಿ ತುಂಬಿಟ್ಟ ನೀರಲ್ಲ, ಒರತೆಯ ನೀರು; ತೆಗೆದಷ್ಟೂ ಊರುತ್ತದೆ. ಆದರೆ ಒರತೆಗೂ ಮಳೆ ಬೇಕು. ಬಾಣಂತಿಗೆ ಹೊತ್ತುಹೊತ್ತಿಗೆ ಊಟ, ವಿಶ್ರಾಂತಿಗಳು ದೊರೆಯುವಂತೆ ಮನೆಯವರೆಲ್ಲ ನೋಡಿಕೊಂಡರು. ತಾಯಿ ಅಂಟಿನುಂಡೆ ಕಟ್ಟಿದಳು, ತಂದೆ ಬಟ್ಟೆ ಒಗೆದರು, ಹೈಸ್ಕೂಲಿನಲ್ಲಿ ಓದುತ್ತಿದ್ದ ತಮ್ಮ ತೊಟ್ಟಿಲು ತೂಗುತ್ತಲೇ ಪಾಠ ಓದಿದನು. ಭದ್ರಾ ದಿನಕ್ಕೆ ಇಪ್ಪತ್ತು ಮೂವತ್ತು ಗ್ರಾಂಗಳಂತೆ ತೂಕ ಪಡೆದು, 42ನೆಯ ದಿನ ಆಶಾ ಕಾರ್ಯಕರ್ತೆ ತೂಗಿದಾಗ ಎರಡೂವರೆ ಕಿಲೋಗ್ರಾಂ ದಾಟಿದ್ದಳು. ಅಂದು ಅಜ್ಜಿ ಅವಳಿಗೂ ಹಂಡೆ ಕಾಯಿಸಿದಳು.

ತೂಕದ ಅಂತರ ಕಡಿಮೆಯಾದಂತೆ ಇನ್ನೊಂದು ತೊಡಕು ತಲೆದೋರಿತು. ಯಾವುದು ತುಂಗಾ, ಯಾವುದು ಭದ್ರಾ ಎಂದು ನಿದ್ದೆಗಣ್ಣಿನಲ್ಲಿ ಗುರುತಿಸುವುದು ಕಷ್ಟವಾಯಿತು. ಹಾಲು ಕುಡಿದವಳಿಗೇ ಮತ್ತೆ ಹಾಲು ಸಲ್ಲಬಹುದಲ್ಲವೇ? ಅಜ್ಜಿ ಭದ್ರೆಯ ಕಾಲಿಗೆ ಕೆಂಪು ದಾರವೊಂದನ್ನು ಸಡಿಲವಾಗಿ ಕಟ್ಟಿದಳು. ಈ ಉಪಾಯ ಆ ಸೀಮೆಗೆ ಹೊಸದಲ್ಲ. ಹಂಪಿಯ ಎದುರು ದಡದ ಆನೆಗೊಂದಿಯ ಪರಿಸರವನ್ನೇ ರಾಮಾಯಣದ ಕಿಷ್ಕಿಂಧೆಯೆಂದು ಜನ ನಂಬುತ್ತಾರಷ್ಟೆ. ವಾಲಿ ಸುಗ್ರೀವರು ಹೋರಾಡುವಾಗ ಅವರ ರೂಪಸಾಮ್ಯದಿಂದ ಯಾರು ಯಾರೆಂದು ತಿಳಿಯದೆ ರಾಮನು ಬಾಣ ಬಿಡಲಾರದೆ ಹೋದನು. ಮರುಬಾರಿ ಲಕ್ಷ್ಮಣನು ಗಜಪುಷ್ಪದ ಬಳ್ಳಿಯನ್ನು ಸುಗ್ರೀವನ ಕೊರಳಿಗೆ ಹಾಕಿ ಕಳುಹಿಸಿದನು. ಅಲ್ಲಿ ಬಳ್ಳಿ, ಇಲ್ಲಿ ದಾರ.

ನಗು ಬರುವ ಕಾಲಕ್ಕಾಗಿ ಮನೆಯವರೆಲ್ಲ ಕಾದರು. ತಿಂಗಳು ತುಂಬಿ ಹುಟ್ಟಿದ ಕೂಸು ಸುಮಾರು ಆರನೆಯ ವಾರದಲ್ಲಿ ಮುಖ ನೋಡಿ ನಗುತ್ತದೆ. ಮೊದಲೇ ಹುಟ್ಟಿದ ಕೂಸಿಗೆ ಆ ಲೆಕ್ಕವನ್ನು ಹುಟ್ಟಬೇಕಾಗಿದ್ದ ದಿನದಿಂದ ಹಾಕಬೇಕು. ಹತ್ತನೆಯ ವಾರದ ಒಂದು ಸಂಜೆ, ಬಸ್ಸಿಳಿದು ಬಂದ ತಂದೆಯ ಮುಖವನ್ನು ದಿಟ್ಟಿಸಿ ಭದ್ರಾ ನಕ್ಕಳು. ಎಲ್ಲದರಲ್ಲಿಯೂ ಮುಂದಿದ್ದ ತುಂಗಾ ನಗಲು ಇನ್ನೂ ನಾಲ್ಕು ದಿನ ತೆಗೆದುಕೊಂಡಳು. ಆ ನಾಲ್ಕು ದಿನ ಯಾರೂ ಅವಳನ್ನು ತಂಗಿಯೊಡನೆ ಹೋಲಿಸಿ ಆಡಲಿಲ್ಲ ಎಂಬುದೇ ಆ ಮನೆಯವರು ಕಲಿತಿದ್ದ ಪಾಠ. ತುಂಗೆಗೆ ಜೋಗುಳ ಕೇಳಿದರೆ ನಿದ್ದೆ. ಭದ್ರೆಗೆ ಜೋಗುಳ ಕೇಳಿದರೆ ಕಣ್ಣರಳಿಸಿ ಆಲಿಸುವ ಹುರುಪು. ಒಬ್ಬಳಿಗೆ ಬೆಳಕು ಪ್ರಿಯ, ಒಬ್ಬಳಿಗೆ ಸದ್ದು ಪ್ರಿಯ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಬೆರಳಚ್ಚುಗಳು ಕೂಡ ಒಂದೇ ಆಗಿರುವುದಿಲ್ಲವೆಂದು ವಿಜ್ಞಾನ ಹೇಳುತ್ತದೆ. ಪ್ರಕೃತಿಯು ಒಂದೇ ಅಚ್ಚನ್ನು ಬಳಸಿದಾಗಲೂ ಬೆರಳ ತುದಿಯಲ್ಲಿ ಬೇರೆ ಬೇರೆ ರುಜು ಹಾಕಿಯೇ ಕಳುಹಿಸುತ್ತದೆ. ಆ ರುಜುವನ್ನು ಓದಲು ಕಲಿಯುವುದೇ ಅವಳಿ ಮಕ್ಕಳ ತಂದೆತಾಯಿಗಳ ಭಾಗ್ಯ. ಜೊತೆಯಲ್ಲಿ ಕಲಿಯುವ ಗೆಳೆಯರನ್ನು ಕುರಿತೂ ನಾವು ಹೀಗೆಯೇ ನಡೆದುಕೊಳ್ಳಬಾರದೇಕೆ?

ನಾಲ್ಕನೆಯ ತಿಂಗಳು ಮುಗಿಯುವ ಹೊತ್ತಿಗೆ ಭದ್ರೆಯ ಕಾಲು ದುಂಡಗಾಗಿ ಕೆಂಪು ದಾರ ಬಿಗಿಯಾಗತೊಡಗಿತು. ಅಜ್ಜಿ ಅದನ್ನು ಕತ್ತರಿಸಿ ತೆಗೆದಳು. ಹೊಸ ದಾರ ಕಟ್ಟಬೇಕೆಂದು ಯಾರಿಗೂ ತೋಚಲಿಲ್ಲ. ಅಷ್ಟು ಹೊತ್ತಿಗೆ, ನಡುರಾತ್ರಿಯ ಕತ್ತಲೆಯಲ್ಲಿ ಜೋಡಿ ತೊಟ್ಟಿಲುಗಳಿಂದ ಒಂದು ಸಣ್ಣ ಸದ್ದು ಕೇಳಿದರೂ, ಎದ್ದವಳು ಯಾರೆಂದು ತಾಯಿಗೂ ತಂದೆಗೂ ತಿಳಿಯುತ್ತಿತ್ತು.