ಕಾರ್ಡು ಪೆಟ್ಟಿಗೆಯಲ್ಲಿ, ಸಾಲ ತಲೆಯ ಮೇಲೆ

ಬೀಚನಹಳ್ಳಿ ಸುತ್ತಮುತ್ತಲಿನವರ ಮೇಲೆ ನನಗೊಂದು ಮುನಿಸಿದೆ. ಪ್ರೀತಿಯ ಮುನಿಸು, ಬೇಸರ ಮಾಡಿಕೊಳ್ಳಬೇಡಿ. ಕಬಿನಿಯಲ್ಲಿ ನೀರು ಎಷ್ಟು ಅಡಿ ಬಂತು, ಹತ್ತಿಗೆ ರೇಟು ಎಷ್ಟಾಯಿತು ಎಂದರೆ ತಟ್ಟನೆ ಹೇಳುತ್ತೀರಿ. ನಿಮ್ಮ ಪಡಿತರ ಚೀಟಿಯಲ್ಲಿ ಯಾರ ಯಾರ ಹೆಸರಿದೆ ಎಂದರೆ ಮುಖ ಮುಖ ನೋಡುತ್ತೀರಿ. ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂತೆಂದರೆ ಒಡವೆ ಅಡ ಇಡಲು ಓಡುತ್ತೀರಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ! ಸರ್ಕಾರದ ಆರೋಗ್ಯ ಯೋಜನೆ ನಿಮ್ಮದೇ ಇರುವಾಗ ಸಾಲಕ್ಕೇಕೆ ಮೊದಲು ಕೈ ಚಾಚಬೇಕು?

2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಶುರುವಾಯಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಯೋಜನೆಯೊಂದಿಗೆ ಸೇರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವಾಯಿತು. ನೀವು ಕಂತು ಕಟ್ಟುವ ಹಾಗಿಲ್ಲ. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡಿದ್ದರೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಇದು ತಲೆಗೆ 5 ಲಕ್ಷವಲ್ಲ, ಇಡೀ ಮನೆಗೆ ಸೇರಿ. ಎಪಿಎಲ್‌ನವರಿಗೆ ಸರ್ಕಾರ ನಿಗದಿ ಮಾಡಿದ ದರದಲ್ಲಿ ಶೇಕಡಾ 30 ಭಾಗ ಸಿಗುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದದ್ದನ್ನು ನೀವೇ ಹೊಂದಿಸಿಕೊಳ್ಳಬೇಕು.

ಯೋಜನೆ ಶುರುವಾದಾಗ ಪಟ್ಟಿಗೆ ಸೇರಿದ್ದು 1,650 ಬಗೆಯ ಚಿಕಿತ್ಸೆ. ಹೃದಯದ ಆಪರೇಷನ್, ಕ್ಯಾನ್ಸರ್, ಡಯಾಲಿಸಿಸ್, ಸುಟ್ಟ ಗಾಯ, ಅಪಘಾತದಲ್ಲಿ ತಲೆಗೆ ಬಿದ್ದ ಪೆಟ್ಟು ಎಲ್ಲವೂ ಅದರಲ್ಲಿವೆ. ಹಾಗೆಂದು ನೆಗಡಿ ಜ್ವರಕ್ಕೆ ಖಾಸಗಿ ಡಾಕ್ಟರ ಹತ್ತಿರ ಹೋಗಿ ಕಾರ್ಡು ಚಾಚಬೇಡಿ. ಹೊರರೋಗಿಯಾಗಿ ಹೋಗಿ ಕೊಟ್ಟ ಫೀಸು, ಅಂಗಡಿಯಲ್ಲಿ ತಂದ ಮಾತ್ರೆ, ಅಂದಕ್ಕೆ ಮಾಡಿಸಿಕೊಳ್ಳುವ ಆಪರೇಷನ್ ಇದಕ್ಕೆ ಬರುವುದಿಲ್ಲ.

ಈಗ ಬಹಳ ಜನ ಎಡವುವ ಜಾಗಕ್ಕೆ ಬರೋಣ. ನೀವು ಮಾಡುವ ದೊಡ್ಡ ತಪ್ಪೆಂದರೆ, ಬಾಡಿಗೆ ಕಾರು ಮಾಡಿಕೊಂಡು ನೇರವಾಗಿ ಮೈಸೂರಿನ ಯಾವುದೋ ಖಾಸಗಿ ಆಸ್ಪತ್ರೆಗೆ ನುಗ್ಗುವುದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಪ್ರಾಥಮಿಕ ಆರೋಗ್ಯ ಕೇಂದ್ರವೋ, ಎಚ್.ಡಿ. ಕೋಟೆಯ ತಾಲೂಕು ಆಸ್ಪತ್ರೆಯೋ, ಹುಣಸೂರು, ಪಿರಿಯಾಪಟ್ಟಣದವರಿಗೆ ಅವರವರ ತಾಲೂಕು ಆಸ್ಪತ್ರೆಯೋ. ಅಲ್ಲಾಗುವುದಿಲ್ಲವೆಂದರೆ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಚೆಲುವಾಂಬ, ಹೃದಯಕ್ಕೆ ಜಯದೇವ ಇವೆ. ಸರ್ಕಾರಿ ಕಡೆ ಆಗದ್ದಕ್ಕೆ ಡಾಕ್ಟರು ರೆಫರಲ್ ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಯೋಜನೆಗೆ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಚೀಟಿಯಿಲ್ಲದೆ ಹೋಗಿ ಬಿಲ್ಲು ಕಟ್ಟಿ, ಆಮೇಲೆ ಹಣ ವಾಪಸ್ ಕೊಡಿ ಎಂದರೆ ಯಾರೂ ಕೊಡುವುದಿಲ್ಲ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ?

ಜೀವಕ್ಕೆ ಕುತ್ತು ಬಂದಾಗ ಮಾತ್ರ ಈ ನಿಯಮವಿಲ್ಲ. 171 ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ, ನೋಂದಾಯಿತ ಆಸ್ಪತ್ರೆ ಯಾವುದಾದರೂ ಸರಿ. 108ಕ್ಕೆ ಫೋನ್ ಮಾಡಿ. ಹಾವು ಕಚ್ಚಿದರೆ ಮಂತ್ರ ಹಾಕಿಸಲು ಅಲೆಯಬೇಡಿ, ಬಿಗಿಯಾಗಿ ಕಟ್ಟು ಕಟ್ಟಬೇಡಿ, ಗಾಯ ಕುಯ್ಯಬೇಡಿ. ಕೈಕಾಲು ಆಡಿಸದಂತೆ ನೋಡಿಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸಾಗಿಸಿ. ಕಾಗದಪತ್ರ ಹಿಂದಿನಿಂದ ಬರಲಿ, ರೋಗಿ ಮೊದಲು ಹೊರಡಲಿ.

ಕಾಗದಪತ್ರವೆಂದರೆ ಎರಡೇ, ಪಡಿತರ ಚೀಟಿ ಮತ್ತು ಆಧಾರ್. ಆದರೆ ಎರಡರಲ್ಲೂ ಹೆಸರು ಒಂದೇ ಇರಬೇಕು. ಒಂದರಲ್ಲಿ ಚಿಕ್ಕಮ್ಮ, ಇನ್ನೊಂದರಲ್ಲಿ ಚಿಕ್ಕತಾಯಮ್ಮ ಅಂತಿದ್ದರೆ ಆಸ್ಪತ್ರೆಯ ಕಂಪ್ಯೂಟರಿಗೆ ನಿಮ್ಮ ಮನೆಯ ಸಂಬಂಧ ಗೊತ್ತಾಗುವುದಿಲ್ಲ. ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇದೆಯೇ? ಮೊಮ್ಮಗುವಿನ ಹೆಸರು ಸೇರಿಸಿಲ್ಲವೇ? ಮಗು ಶಾಲೆಗೆ ಹೋಗುವಾಗ ನೋಡೋಣ ಎನ್ನಬೇಡಿ, ಈ ವಾರವೇ ಮಾಡಿಸಿ. ಹೊಗೆಸೊಪ್ಪು, ಶುಂಠಿ ಕೆಲಸ ಮಾಡಿ ಬೆರಳಿನ ಗೆರೆ ಸವೆದವರ ಥಂಬ್ ಯಂತ್ರ ಹಿಡಿಯುವುದಿಲ್ಲ. ಅಂಥವರು ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿಟ್ಟುಕೊಂಡರೆ ಓಟಿಪಿಯಲ್ಲಿ ಕೆಲಸ ಮುಗಿಯುತ್ತದೆ.

ಇನ್ನೊಂದು ಗೊಂದಲ. 14 ಅಂಕಿಯ ಆಭಾ ಕಾರ್ಡು ನಿಮ್ಮ ಆರೋಗ್ಯದ ದಾಖಲೆ ಇಡುವ ಗುರುತಿನ ನಂಬರ್ ಅಷ್ಟೇ. ಅದೊಂದನ್ನೇ ತೋರಿಸಿದರೆ ಬಿಲ್ಲು ಮನ್ನಾ ಆಗುವುದಿಲ್ಲ. ಚಿಕಿತ್ಸೆಗೆ ಬೇಕಾದದ್ದು ಪಡಿತರ ಚೀಟಿ, ಆಧಾರ್ ತೋರಿಸಿ ಮಾಡಿಸುವ ಆಯುಷ್ಮಾನ್ ಕಾರ್ಡು. ಗ್ರಾಮ ಒನ್ ಕೇಂದ್ರದಲ್ಲಿ ಅದನ್ನು ಮಾಡಿಸಿ, ದಾರಿ ಗೊತ್ತಾಗದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ನಿಮ್ಮ ಆಧಾರನ್ನು ಊರಿನ ದಲ್ಲಾಳಿಯ ಕೈಗೆ ಕೊಟ್ಟು ಕಳಿಸಬೇಡಿ. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ.

ಅಡ್ಮಿಟ್ ಆದ ಕೂಡಲೇ ಆರೋಗ್ಯ ಮಿತ್ರ ಎಲ್ಲಿ ಕೂರುತ್ತಾರೆ ಎಂದು ಕೇಳಿ. ಯೋಜನೆಯ ಕೆಲಸ ನೋಡಲೆಂದೇ ಅವರಿರುವುದು. ಈ ಆಪರೇಷನ್ ಯೋಜನೆಯಲ್ಲಿದೆಯೇ, ಮಂಜೂರಾತಿ ಬಂತೇ, ಮನೆಗೆ ಹೋಗುವಾಗ ಯಾವ ಔಷಧ ಕೊಡುತ್ತೀರಿ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಬಿಪಿಎಲ್‌ನವರಿಗೆ ಯಾರಾದರೂ ದುಡ್ಡು ಕಟ್ಟಿ ಎಂದರೆ ಜಗಳಕ್ಕೆ ನಿಲ್ಲಬೇಡಿ. ಏತಕ್ಕೆಂದು ಬರೆದುಕೊಡಿ ಎನ್ನಿ, 1800-425-8330ಕ್ಕೆ ಫೋನ್ ಹಚ್ಚಿ. ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ವಯನಾಡಿನ ಆಸ್ಪತ್ರೆ ಹತ್ತಿರ ಎಂದು ಗಡಿ ದಾಟುವವರೂ ಹೊರಡುವ ಮೊದಲೇ ಇದೇ ನಂಬರಿಗೆ ಕೇಳಿ, ನಿಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಹಾಲಿನ ಡೈರಿಗೋ ಸೊಸೈಟಿಗೋ ಸದಸ್ಯರಾಗಿದ್ದರೆ ಯಶಸ್ವಿನಿ ಎಂಬ ಇನ್ನೊಂದು ಆರೋಗ್ಯ ಯೋಜನೆಯೂ ಇದೆ. 2018ರಲ್ಲಿ ನಿಂತಿದ್ದ ಅದು 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಮರುಜಾರಿಯಾದಾಗ ಹಳ್ಳಿಯ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ ಗೊತ್ತು ಮಾಡಿದರು. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ, ಹಾಡಿಯವರು ಇದನ್ನು ಗಮನಿಸಿ. ಎಪಿಎಲ್‌ನವರಿಗಂತೂ ಇದು ದೊಡ್ಡ ಆಸರೆ. ಪ್ರತಿವರ್ಷ ನವೀಕರಿಸಬೇಕು. ಕಾಯಿಲೆ ಬಂದ ಮೇಲೆ ಹಣ ಕಟ್ಟಲು ಹೋದರೆ ನೋಂದಣಿಯ ಬಾಗಿಲು ಮುಚ್ಚಿರುತ್ತದೆ. ಕೊನೆಯ ದಿನ ಯಾವುದೆಂದು ಸಂಘದ ಕಾರ್ಯದರ್ಶಿಯನ್ನು ಈಗಲೇ ಕೇಳಿಡಿ.

ಇಷ್ಟು ಹೇಳಿದ್ದಕ್ಕೆ ತಲೆಯಾಡಿಸಿ ಎದ್ದು ಹೋಗಬೇಡಿ. ಇವತ್ತು ರಾತ್ರಿ ಊಟವಾದ ಮೇಲೆ ಪೆಟ್ಟಿಗೆ ತೆಗೆದು ಕಾರ್ಡುಗಳನ್ನು ಚಾಪೆಯ ಮೇಲೆ ಹರಡಿ, ಓದು ಬಲ್ಲ ಮಗಳ ಕೈಲಿ ಹೆಸರುಗಳನ್ನು ಓದಿಸಿ. ತಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಬೆಳಗ್ಗೆ ಗ್ರಾಮ ಒನ್‌ಗೆ ಹೋಗಿ. ಒಂದು ದಿನದ ಕೂಲಿ ಹೋದರೆ ಹೋಗಲಿ, ಹೊಲ ಉಳಿಯುತ್ತದೆ.